‘ಮಲೆಗಳಲ್ಲಿ ಮದುಮಗಳು’ ಓದಿ ಮುಗಿಸುವುದು ಹೇಗೆ: ಒಬ್ಬ ನರ್ಸಮ್ಮನ ಕೇಸ್ ಶೀಟ್

ಕುವೆಂಪು ಅವರ ಈ ದೊಡ್ಡ ಕಾದಂಬರಿಯಲ್ಲಿ ಎರಡು ಸಲ ಸೋತು ಮೂರನೇ ಸಲ ದಡ ಸೇರಿದವಳು ನಾನು. ಒಂದೇ ಗುಕ್ಕಿನಲ್ಲಿ ಓದಿ ಮುಗಿಸಿದವರ ಸಲಹೆ ನಮ್ಮಂಥವರಿಗೆ ಉಪಯೋಗಕ್ಕೆ ಬರುವುದಿಲ್ಲ. ಸೋತವರ ಸಲಹೆ ಬರುತ್ತದೆ.

ಮೊದಲ ಸಲ 1988ರಲ್ಲಿ. ಆಗ ತಾನೇ ಸ್ಟಾಫ್ ನರ್ಸ್ ಆಗಿ ಕೆಲಸಕ್ಕೆ ಸೇರಿದ್ದೆ. ಲೈಬ್ರರಿಯಿಂದ ತಂದೆ. ಅರವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಯಾರು ಯಾರ ಅಣ್ಣ, ಯಾರ ಮನೆ ಯಾವ ಗುಡ್ಡದ ಆಚೆ, ಎಲ್ಲ ಕಲಸುಮೇಲೋಗರ. ಸುಮ್ನೆ ವಾಪಸ್ ಕೊಟ್ಟೆ. ತಡವಾಯಿತು ಅಂತ ದಂಡ ಬೇರೆ ಕಟ್ಟಿದೆ. ಎರಡನೇ ಸಲ 1994ರಲ್ಲಿ, ಹೆರಿಗೆ ರಜೆಯಲ್ಲಿದ್ದಾಗ. ಆ ವರ್ಷ ನವೆಂಬರ್ 11ಕ್ಕೆ ಕುವೆಂಪು ತೀರಿಕೊಂಡರು. ಪೇಪರ್ ತುಂಬ ಅವರದೇ ಫೋಟೋ. ನಾಚಿಕೆಯಾಗಿ ಮತ್ತೆ ಹಿಡಿದೆ. ಕೂಸು ಬಿಡಬೇಕಲ್ಲ? ನೂರ ಹತ್ತನೇ ಪುಟದಲ್ಲಿ ಬಸ್ ಟಿಕೆಟ್ ಇಟ್ಟು ಮುಚ್ಚಿದ್ದು, ಹದಿನೆಂಟು ವರ್ಷ ಅದು ಹಾಗೇ ಇತ್ತು.

ಮೂರನೇ ಸಲ 2012ರ ಕೊನೆ. ಈ ಕಾದಂಬರಿಯ ರಾತ್ರಿಯಿಡೀ ನಡೆಯುವ ನಾಟಕ ಬೆಂಗಳೂರಿಗೆ ಬರುತ್ತದಂತೆ ಅಂತ ಸುದ್ದಿ. ಓದದೆ ಹೋಗಿ ಕೂರುವುದು ಹೇಗೆ? ಆಗ ನನಗೆ ತಿಂಗಳಿಗೆ ಒಂದು ವಾರ ನೈಟ್ ಡ್ಯೂಟಿ. ವಾರ್ಡಿನಲ್ಲೇ ಈ ವಿಧಾನ ಹೊಳೆಯಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಓದುವ ಮೊದಲು

ಪುಸ್ತಕ ಬಂದದ್ದು 1967ರಲ್ಲಿ. ಕತೆ ನಡೆಯುವುದು ಅದಕ್ಕೂ ಮುಕ್ಕಾಲು ಶತಮಾನ ಹಿಂದೆ, 1890ರ ದಶಕದ ಮಲೆನಾಡಿನಲ್ಲಿ. ಕುವೆಂಪು ಹುಟ್ಟಿದ್ದು 1904ರಲ್ಲಿ. ಅಂದರೆ ಅವರು ಕಣ್ಣಾರೆ ನೋಡದ, ಆದರೆ ಜಗಲಿಯ ಮೇಲೆ ಕೂತ ಹಿರಿಯರ ಬಾಯಲ್ಲಿ ಇನ್ನೂ ಬಿಸಿಯಾಗಿದ್ದ ಕಾಲ ಅದು.

ಆ ಕಾಲದ ಲೆಕ್ಕ ಸ್ವಲ್ಪ ಗೊತ್ತಿದ್ದರೆ ಓದು ಸಲೀಸು. 1831ರಿಂದ 1881ರವರೆಗೆ, ಐವತ್ತು ವರ್ಷ, ಮೈಸೂರು ರಾಜ್ಯವನ್ನು ಬ್ರಿಟಿಷ್ ಕಮಿಷನರುಗಳೇ ಆಳಿದರು. 1881ರಲ್ಲಿ ಹತ್ತನೇ ಚಾಮರಾಜ ಒಡೆಯರಿಗೆ ರಾಜ್ಯ ವಾಪಸ್ ಸಿಕ್ಕಿತು. ರಾಜರೇನೋ ಬಂದರು, ಬ್ರಿಟಿಷರ ಪ್ರತಿನಿಧಿ ರೆಸಿಡೆಂಟ್ ಮಾತ್ರ ಹೋಗಲಿಲ್ಲ. ಇನ್ನು ಆಗುಂಬೆ ಘಾಟಿ ಇಳಿದರೆ ಆಗಿನ ದಕ್ಷಿಣ ಕನ್ನಡ. ಅದು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದು, ನೇರವಾಗಿ ಬ್ರಿಟಿಷರ ಕೈಯಲ್ಲೇ ಇದ್ದದ್ದು. ಘಾಟಿಯ ಮೇಲೊಂದು ಸರ್ಕಾರ, ಕೆಳಗೊಂದು ಸರ್ಕಾರ. ಕಾದಂಬರಿಯಲ್ಲಿ ಐತ, ಪೀಂಚಲು, ಚೀಂಕ್ರ ಸೇರೆಗಾರ ಇವರೆಲ್ಲ ‘ಘಟ್ಟದ ಕೆಳಗಿನವರು’ ಅನ್ನಿಸಿಕೊಳ್ಳುತ್ತಾರಲ್ಲ, ಅವರು ಬರೀ ಬೆಟ್ಟ ಹತ್ತಿ ಬಂದದ್ದಲ್ಲ. ಒಂದು ಗಡಿಯನ್ನೇ ದಾಟಿ ಕೂಲಿಗೆ ಬಂದವರು.

ದೊರೆಗಳು, ಕುದುರೆ, ಬಂದೂಕು, ದಂಗೆ ಇವನ್ನೆಲ್ಲ ನಿರೀಕ್ಷೆ ಮಾಡಿ ಕೂತರೆ ನಿರಾಸೆ ಖಂಡಿತ. ನಾನೂ ಹಾಗೇ ಕೂತಿದ್ದೆ. ಇಲ್ಲಿ ಬ್ರಿಟಿಷರ ಕಾಲ ಅನ್ನುವುದು ಪಾದ್ರಿಯ ರೂಪದಲ್ಲಿ ಬರುತ್ತದೆ, ಮಿಷನ್ ಶಾಲೆಯ ರೂಪದಲ್ಲಿ ಬರುತ್ತದೆ, ಒಂದು ಬೈಸಿಕಲ್ಲಿನ ರೂಪದಲ್ಲಿ ಬರುತ್ತದೆ. ಊರವರ ಬಾಯಲ್ಲಿ ಅದು ‘ಬೀಸೆಕಲ್ಲು’. ಆ ಭಾಗಕ್ಕೆ ಬಂದಾಗ ನಾನು ಡ್ಯೂಟಿ ಟೇಬಲ್ ಮುಂದೆ ಒಬ್ಬಳೇ ನಕ್ಕಿದ್ದಕ್ಕೆ ಮೂರನೇ ಬೆಡ್ಡಿನ ಅಜ್ಜಿ ಎದ್ದು ಕೂತು ‘ಏನಾಯ್ತವ್ವ’ ಅಂದರು. ಷಿಕಾಗೊದಲ್ಲಿ 1893ರಲ್ಲಿ ಮಾತಾಡಿದ ವಿವೇಕಾನಂದರ ಸುದ್ದಿಯೂ ಈ ಕಾಡಿನೊಳಗೆ ಬರುತ್ತದೆ. ಲೋಕದ ದೊಡ್ಡ ಸುದ್ದಿಗೂ ಗುತ್ತಿ ಅನ್ನುವ ಜೀತದಾಳಿನ ನಡಿಗೆಗೂ ಈ ಪುಸ್ತಕದಲ್ಲಿ ಒಂದೇ ತೂಕ.

ವಾರ್ಡು, ಬೆಡ್ಡು, ದೂರು

ಈಗ ನನ್ನ ವಿಧಾನ. ಹೊಸ ವಾರ್ಡಿಗೆ ಹಾಕಿದ ಮೊದಲ ದಿನ ಮೂವತ್ತು ಪೇಷಂಟಿನ ಹೆಸರು ಯಾರಿಗೂ ನೆನಪಿರುವುದಿಲ್ಲ. ನಾವು ಹೆಸರಿನಿಂದ ಶುರು ಮಾಡುವುದೂ ಇಲ್ಲ. ವಾರ್ಡು, ಬೆಡ್ಡು, ಏನು ತೊಂದರೆ, ಜೊತೆಗೆ ಯಾರಿದ್ದಾರೆ. ಹೆಸರು ಆಮೇಲೆ ತಾನಾಗಿ ಅಂಟಿಕೊಳ್ಳುತ್ತದೆ. ಈ ಕಾದಂಬರಿಯ ಜನವೂ ಹಾಗೇ.

ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ತೆಗೆದುಕೊಳ್ಳಿ. ಒಂದೊಂದು ಮನೆಗೆ ಎರಡು ಹಾಳೆ ಬಿಡಿ. ಮನೆಯೇ ವಾರ್ಡು. ಸಿಂಬಾವಿ, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ, ಮೇಗರವಳ್ಳಿ. ಈ ಆರು ಸಾಕು, ಉಳಿದವಕ್ಕೆ ಕೊನೆಯಲ್ಲಿ ಜಾಗ ಇರಲಿ. ಕುಟುಂಬದ ಮರ ಬರೆಯಲು ಹೋಗಬೇಡಿ. ನಾನು ಎರಡನೇ ಸಲ ಅದನ್ನೇ ಮಾಡಿ ಕೆಟ್ಟೆ. ಮಲೆನಾಡಿನ ಈ ಮನೆಗಳು ಒಂದಕ್ಕೊಂದು ಹೆಣ್ಣು ಕೊಟ್ಟು ತಂದು, ಮರವೆಲ್ಲ ಕೊನೆಗೆ ಬಿದಿರು ಮೆಳೆ ಆಗಿಬಿಡುತ್ತದೆ.

ನನ್ನ ನೋಟ್‌ಬುಕ್ಕಿನಿಂದ ಒಂದೆರಡು ಹಾಳೆ ಇದ್ದ ಹಾಗೇ ಕೊಡುತ್ತೇನೆ.

ಸಿಂಬಾವಿ. ಭರಮೈ ಹೆಗ್ಗಡೆ, ಯಜಮಾನ. ಇನ್ನೊಂದು ಮದುವೆಯ ಆಸೆ. ಜಟ್ಟಮ್ಮ, ಹೆಂಡತಿ. ದೂರು: ಸವತಿ ಬರುವ ಭಯ, ಹೇಳಿಕೊಳ್ಳಲು ಯಾರೂ ಇಲ್ಲ. ಲಕ್ಕಮ್ಮ, ಯಜಮಾನನ ತಂಗಿ. ಗುತ್ತಿ, ಆಳು. ಅಟೆಂಡರ್: ಹುಲಿಯ (ನಾಯಿ). ಇಬ್ಬರನ್ನೂ ಒಟ್ಟಿಗೇ ನೋಡಬೇಕು, ಬೇರೆ ಮಾಡಬಾರದು.

ಹಳೆಮನೆ. ಸುಬ್ಬಣ್ಣ ಹೆಗ್ಗಡೆ, ಮುದುಕ, ಜೋರು ಬಾಯಿ. ತಿಮ್ಮಪ್ಪ, ಮಗ. ಮಂಜಮ್ಮ, ಮಗಳು. ರಂಗಮ್ಮ, ಸೊಸೆ. ದೂರು: ತಿರುಪತಿಗೆ ಹೋದ ಗಂಡ ಬರಲಿಲ್ಲ. ಊರವರು ‘ಹುಚ್ಚು’ ಅಂತಾರೆ, ನಾನು ಬರೆದುಕೊಳ್ಳುವುದಿಲ್ಲ. ಧರ್ಮು, ಆಕೆಯ ಮಗ, ಚಿಕ್ಕವನು.

ನೋಡಿದಿರಾ? ‘ನಾನು ಬರೆದುಕೊಳ್ಳುವುದಿಲ್ಲ’ ಅಂತ ಬರೆದಿದ್ದೇನೆ. ಮೂವತ್ತಾರು ವರ್ಷದ ಕೆಲಸದಲ್ಲಿ ಕಲಿತದ್ದು ಅದು. ಜೊತೆಗೆ ಬಂದವರು ಹೇಳುವ ಕಾಯಿಲೆ ಬೇರೆ, ಮಲಗಿದವರಿಗೆ ಇರುವ ಕಾಯಿಲೆ ಬೇರೆ. ಈ ಪುಸ್ತಕದಲ್ಲಿ ಒಬ್ಬರ ಬಗ್ಗೆ ಇನ್ನೊಬ್ಬರು ಆಡುವ ಮಾತು ಬಹಳ. ಅದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಆ ಪಾತ್ರ ತಾನೇ ಕಣ್ಣೆದುರು ಬಂದು ಮಾಡಿದ್ದನ್ನು ಪೆನ್ನಿನಲ್ಲಿ. ನೂರು ಪುಟದ ನಂತರ ಎಷ್ಟು ಪೆನ್ಸಿಲ್ ಅಳಿಸಬೇಕಾಗುತ್ತದೆ ಅಂತ ನೀವೇ ನೋಡುತ್ತೀರಿ. ನಾನು ಬೆಟ್ಟಳ್ಳಿ ದೇವಯ್ಯನದ್ದು ಅಳಿಸಿ ಅಳಿಸಿ ಹಾಳೆಯೇ ತೂತಾಯಿತು. ಕಿಲಸ್ತರ (ಕ್ರೈಸ್ತರ) ಜಾತಿಗೆ ಸೇರಲು ಹೊರಟ ಗೌಡರ ಮನೆ ಮಗ ಆತ. ಮೊದಲು ಶೋಕಿಯವನು ಅಂದುಕೊಂಡಿದ್ದೆ.

ಇನ್ನೊಂದು ಕೆಲಸ ಮಾಡಿ, ಇದು ನನ್ನ ಅತಿ ಇಷ್ಟದ್ದು. ಹೆಸರು ನೋಡಿ: ಮಲೆಗಳು ಬಹಳ, ಮದುಮಗಳು ಒಬ್ಬಳು. ಯಾರು ಆ ಮದುಮಗಳು? ನೂರು ಪುಟಕ್ಕೊಮ್ಮೆ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ನಿಮ್ಮ ಉತ್ತರ ಬರೆದು ತಾರೀಖು ಹಾಕಿ. ನಾನು ಮೊದಲು ಬರೆದದ್ದು ತಿಮ್ಮಿ. ಬೆಟ್ಟಳ್ಳಿಯ ಹೊಲಗೇರಿಯ ದೊಡ್ಡಬೀರನ ಮಗಳು, ಗುತ್ತಿ ಹಾರಿಸಿಕೊಂಡು ಹೋಗಲು ಬರುವುದು ಅವಳನ್ನೇ. ಆಮೇಲೆ ಹೂವಳ್ಳಿ ಚಿನ್ನಮ್ಮ. ಅಪ್ಪ ವೆಂಕಟಣ್ಣ ಸಿಂಬಾವಿಗೆ ಎರಡನೇ ಹೆಂಡತಿಯಾಗಿ ಕೊಡಲು ಒಪ್ಪಿದ್ದಾನೆ, ಅವಳ ಮನಸ್ಸು ಕೋಣೂರಿನ ಮುಕುಂದಯ್ಯನ ಮೇಲೆ. ಆಮೇಲೆ ಮೇಗರವಳ್ಳಿ ಅಂತಕ್ಕನ ಮಗಳು ಕಾವೇರಿ. ಆ ತಾರೀಖಿನ ಪಕ್ಕ ನಾನು ಏನೂ ಬರೆದಿಲ್ಲ, ಬರೆಯಲು ಆಗಲಿಲ್ಲ. ನಂತರ ಪೀಂಚಲು. ಕೊನೆಯ ಉತ್ತರ ಹೇಳುವುದಿಲ್ಲ. ನಿಮ್ಮದು ಬೇರೆ ಇರಬೇಕು.

ಪುಸ್ತಕದ ಮೊದಲಲ್ಲೇ ಕುವೆಂಪು ಹೇಳಿಬಿಟ್ಟಿದ್ದಾರೆ: ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’. ಗೋಡೆಗೆ ಹಾಕುವ ಮಾತು ಅಂತ ಎಲ್ಲರೂ ಓದಿ ದಾಟಿಬಿಡುತ್ತಾರೆ. ಅದು ಓದುವ ವಿಧಾನ ಕಣ್ರೀ. ಔಷಧಿ ಡಬ್ಬಿಯ ಮೇಲೆ ಬರೆದಿರುತ್ತದಲ್ಲ, ಊಟಕ್ಕೆ ಮುಂಚೆ, ಊಟ ಆದ ಮೇಲೆ ಅಂತ, ಹಾಗೆ. ಹೀರೋ ಯಾರು ಅಂತ ಹುಡುಕಿದ್ದಕ್ಕೇ ನಾನು ಎರಡು ಸಲ ಸೋತದ್ದು. ಗುತ್ತಿ ಬಂದ, ಸರಿ ಇವನೇ ಅಂತ ಹಿಂದೆ ಹೋದೆ. ಅವನು ಒಂದು ಮನೆಯ ಅಂಗಳಕ್ಕೆ ಕಾಲಿಟ್ಟ. ಕತೆ ಅವನನ್ನು ಅಲ್ಲೇ ಬಿಟ್ಟು ಆ ಮನೆಯ ಒಳಗೆ ಹೋಯಿತು. ನನಗೆ ಸಿಟ್ಟು ಬಂತು. ಈಗ ಅನ್ನಿಸುತ್ತದೆ, ಒಬ್ಬ ಪೇಷಂಟಿನ ಹತ್ತಿರವೇ ನಿಂತುಬಿಟ್ಟರೆ ರೌಂಡ್ಸ್ ಮುಗಿಯುವುದು ಯಾವಾಗ?

ನಕ್ಷೆಯೂ ಬೇಕು. ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಮೇಗರವಳ್ಳಿಯನ್ನು ನಡುವೆ ಇಡಿ. ಅದು ನಿಜವಾದ ಊರು, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಹುಲಿಕಲ್ಲು ನೆತ್ತಿಯನ್ನು ಎತ್ತರಕ್ಕೆ, ತುಂಗೆಯನ್ನು ಒಂದು ಕಡೆಗೆ. ದೂರವನ್ನು ಮೈಲಿ ಲೆಕ್ಕದಲ್ಲಿ ಹಾಕಬೇಡಿ, ‘ಕತ್ತಲಾಗುವುದರೊಳಗೆ ಮುಟ್ಟಬಹುದೋ ಇಲ್ಲವೋ’ ಅಂತ ಬರೆದುಕೊಳ್ಳಿ. ಆ ಜನರಿಗೆ ಅದೊಂದೇ ಲೆಕ್ಕ.

ಮಾತು ಗೊತ್ತಾಗದಿದ್ದರೆ

ನಾನು ಮದ್ದೂರಿನ ಕಡೆಯವಳು. ಕಬ್ಬಿನ ಗದ್ದೆ, ನಾಲೆ ನೀರು, ಸಮತಟ್ಟು ನೆಲ. ಹಕ್ಕಲು, ಹಾಡ್ಯ, ಸೋಗೆ, ಬಗನಿ, ಉಂಬಳ, ಕಂಬಳಿಕೊಪ್ಪೆ, ಇದೆಲ್ಲ ನನಗೆ ಬೇರೆ ದೇಶದ ಭಾಷೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ, ಒಂದು ಪುಟಕ್ಕೆ ಅರ್ಧ ಗಂಟೆ. ಆಗ ನಮ್ಮ ಜೊತೆ ಕೊಪ್ಪ ಕಡೆಯ ಒಬ್ಬ ಸೀನಿಯರ್ ಸಿಸ್ಟರ್ ಇದ್ದರು. ನಾನು ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ‘ಹಂಗೆ ಓದಿದ್ರೆ ಸಾಯೋವರೆಗೂ ಮುಗಿಯಲ್ಲ ಮಾರಾಯ್ತಿ, ಬಾಯಿಬಿಟ್ಟು ಓದು’ ಅಂದರು.

ಸರಿಯಾಗಿ ಹೇಳಿದರು. ಮಾತುಕತೆ ಬಂದ ಕಡೆಯೆಲ್ಲ ಜೋರಾಗಿ ಓದಿ. ಕಣ್ಣಿಗೆ ಗೊತ್ತಾಗದ್ದು ಕಿವಿಗೆ ಗೊತ್ತಾಗುತ್ತದೆ. ಒಬ್ಬ ಹೆಗ್ಗಡೆ ಆಳಿಗೆ ಬೈಯುವಾಗ ಯಾವ ಪದದ ಅರ್ಥವೂ ಬೇಕಾಗಿಲ್ಲ. ಪದಕ್ಕೆ ನಿಲ್ಲಬೇಡಿ, ಮೂರನೇ ಸಲ ಅದೇ ಪದ ಬಂದರೆ ಮಾತ್ರ ಬರೆದುಕೊಂಡು ಯಾರನ್ನಾದರೂ ಕೇಳಿ. ಮಲೆನಾಡಿನವರು ಒಬ್ಬರು ಸಿಕ್ಕರೆ ಅದೃಷ್ಟ. ‘ಉಂಬಳ’ ಅಂದರೆ ಜಿಗಣೆ ಅಂತ ನಿಘಂಟು ಹೇಳೀತು. ಅಕ್ಕ ಸೀರೆ ಸ್ವಲ್ಪ ಎತ್ತಿ, ಹಿಮ್ಮಡಿಯ ಮೇಲೆ ಚಿಕ್ಕಂದಿನ ಉಂಬಳ ಕಚ್ಚಿದ ಕಲೆ ತೋರಿಸಿದರು.

ಜಾತಿಯ ಮಾತು ಬಹಳ ಬರುತ್ತದೆ. ಗುತ್ತಿ, ತಿಮ್ಮಿ, ದೊಡ್ಡಬೀರ ಇವರನ್ನು ಮೇಲಿನವರು ಕರೆಯುವ ರೀತಿ ಕಿವಿಗೆ ಕಾದ ಸೀಸ. ಆ ಕಾಲದಲ್ಲಿ ಹೀಗಿತ್ತು ಅಂತ ಸಮಾಧಾನ ಮಾಡಿಕೊಂಡು ದಾಟಿಬಿಡುವುದು ಸುಲಭ. ನಾನು ಕೆಲಸ ಮಾಡುತ್ತಿದ್ದ ಕಡೆಯೇ, ಪಕ್ಕದ ಬೆಡ್ಡಿಗೆ ಯಾರನ್ನು ಹಾಕಿದ್ದೀರಿ ಅಂತ ವಿಚಾರಿಸಿ ಬೆಡ್ ಬದಲಿಸಿ ಅಂದವರನ್ನು ನೋಡಿದ್ದೇನೆ. ಅದೂ 2009ರಲ್ಲಿ. ಹಾಗಾಗಿ ಆ ಕಾಲ ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಗುಂಪಿನಲ್ಲಿ ಜೋರಾಗಿ ಓದುತ್ತಿದ್ದರೆ ಮೊದಲೇ ಒಂದು ಮಾತು ಹೇಳಿಬಿಡಿ. ಕೂತವರಲ್ಲಿ ಯಾರಿಗೆ ಎಲ್ಲಿ ನೋಯುತ್ತದೋ ನಮಗೆ ಗೊತ್ತಿರುವುದಿಲ್ಲ.

ಎಷ್ಟು ಪುಟ, ಯಾವಾಗ

ಏಳುನೂರು ಪುಟದ ಆಸುಪಾಸು ಅಂತ ಇಟ್ಟುಕೊಳ್ಳಿ. ದಿನಕ್ಕೆ ಹನ್ನೆರಡು ಪುಟ ಓದಿದರೆ ಎರಡು ತಿಂಗಳು. ಜಾಸ್ತಿ ಓದಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಈ ಕಾದಂಬರಿಯಲ್ಲಿ ಎಲ್ಲರೂ ನಡೆಯುತ್ತಾರೆ. ಕಾಡಿನಲ್ಲಿ, ಕೆಸರಿನಲ್ಲಿ, ಕತ್ತಲಲ್ಲಿ. ನಡೆಯುವವನ ವೇಗ ಬಿಟ್ಟು ಓಡಿದರೆ ಮರಗಿಡ, ಹಕ್ಕಿ, ಮಳೆ ಎಲ್ಲ ‘ವರ್ಣನೆ’ ಆಗಿ ಕಂಡು ಹಾರಿಸಬೇಕು ಅನ್ನಿಸುತ್ತದೆ. ನಡಿಗೆಯಲ್ಲೇ ಇದ್ದರೆ ಅದು ದಾರಿ. ‘ಇಲ್ಲಿ ಅವಸರವೂ ಸಾವಧಾನದ ಬೆನ್ನೇರಿದೆ’ ಅಂತ ಅದೇ ಮೊದಲ ಪುಟದಲ್ಲಿದೆ.

ಮಳೆಗಾಲದಲ್ಲಿ ಓದಿದರೆ ಒಳ್ಳೆಯದು. ಮಳೆ ಇಲ್ಲದ ಊರಲ್ಲಿದ್ದರೆ ರಾತ್ರಿ ಓದಿ.

ಕನ್ನಡ ಓದಲು ಬಾರದ ಮಕ್ಕಳು ಮನೆಯಲ್ಲಿದ್ದರೆ ವನಮಾಲ ವಿಶ್ವನಾಥ ಅವರ ಇಂಗ್ಲಿಷ್ ಅನುವಾದ 2024ರಲ್ಲಿ ಬಂದಿದೆ, ‘ಬ್ರೈಡ್ ಇನ್ ದ ಹಿಲ್ಸ್’ ಅಂತ. ಪುಣೆಯಲ್ಲಿರುವ ನನ್ನ ತಮ್ಮನ ಮಗನಿಗೆ ಅದನ್ನೇ ಕೊಟ್ಟೆ. ಅವನು ಅದನ್ನು ಓದುತ್ತಾನೆ, ನಾನು ಫೋನಿನಲ್ಲಿ ಅದೇ ಭಾಗವನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ. ‘ಅತ್ತೆ, ಇಲ್ಲಿ ಬೈಗುಳ ಜಾಸ್ತಿ ಚೆನ್ನಾಗಿದೆ’ ಅಂತಾನೆ.

ರಾತ್ರಿಯಿಡೀ ನಾಟಕ

ಇಷ್ಟು ದೊಡ್ಡ ಪುಸ್ತಕವನ್ನು ನಾಟಕ ಮಾಡುತ್ತೇವೆ ಅಂತ ಯಾರಾದರೂ ನನ್ನನ್ನು ಕೇಳಿದ್ದರೆ ಬಿಪಿ ನೋಡುತ್ತಿದ್ದೆ. ಆದರೆ ಮಾಡಿದರು. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ನಿರ್ದೇಶನ ಮಾಡಿದರು. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು, ಸಂಗೀತ ಹಂಸಲೇಖ ಅವರದು. ಸುಮಾರು ಒಂಬತ್ತು ಗಂಟೆಯ ನಾಟಕ. ಒಂದೇ ವೇದಿಕೆ ಅಲ್ಲ, ಬಯಲಿನಲ್ಲಿ ನಾಲ್ಕು ಕಡೆ ನಾಲ್ಕು ರಂಗ. ಒಂದು ಭಾಗ ಮುಗಿದ ಮೇಲೆ ನೋಡುವವರೇ ಎದ್ದು ಮುಂದಿನ ರಂಗಕ್ಕೆ ನಡೆಯಬೇಕು. 2013ರಲ್ಲಿ ಅದು ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ ಬಂತು. ನಾನು ನೋಡಿದ್ದು ಅಲ್ಲೇ.

ಈ ನಾಟಕವೋ, ಇಂಥದ್ದೇ ಬೇರೆ ಅಹೋರಾತ್ರಿ ನಾಟಕವೋ ನಿಮ್ಮೂರಿಗೆ ಬಂದರೆ ಹೇಗೆ ಕೂರಬೇಕು? ಇದರಲ್ಲಿ ಮಾತ್ರ ನಾನು ಪರಿಣತೆ. ಸಾವಿರಾರು ರಾತ್ರಿ ಎದ್ದಿದ್ದೇನೆ.

ಹಿಂದಿನ ರಾತ್ರಿ ಪೂರ್ತಿ ನಿದ್ದೆ ಮಾಡಿ. ಅಂದು ಮಧ್ಯಾಹ್ನ ಊಟ ಆದ ಮೇಲೆ ಒಂದೂವರೆ ಗಂಟೆ ಮಲಗಿ, ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿ. ಸಂಜೆ ಅನ್ನ ಸಾರು ಹೊಟ್ಟೆ ತುಂಬ ಉಂಡು ಹೋಗಬೇಡಿ, ಹನ್ನೊಂದಕ್ಕೇ ತೂಕಡಿಕೆ. ಎರಡು ಚಪಾತಿ ಸಾಕು. ಡಬ್ಬಿಯಲ್ಲಿ ಹುರಿದ ಕಡಲೆಕಾಯಿ ಬೀಜ, ಬೆಲ್ಲದ ಚೂರು ಇಟ್ಟುಕೊಳ್ಳಿ. ಬಾಯಿ ಆಡುತ್ತಿದ್ದರೆ ಕಣ್ಣು ಮುಚ್ಚುವುದಿಲ್ಲ. ಆದರೆ ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ದಯವಿಟ್ಟು. ನನ್ನ ಹಿಂದೆ ಕೂತವರು ಚಿಪ್ಸ್ ಪ್ಯಾಕೆಟ್ ಬಿಚ್ಚಿದ್ದಕ್ಕೆ ತಿಮ್ಮಿಯ ಒಂದು ಇಡೀ ಮಾತು ನನಗೆ ಕೇಳಲಿಲ್ಲ.

ಚಳಿ. ಇದನ್ನು ನಾನು ಲಘುವಾಗಿ ತೆಗೆದುಕೊಂಡೆ. ವಾರ್ಡಿನಲ್ಲಿ ಗೋಡೆ ಇರುತ್ತದೆ, ಬಯಲಿನಲ್ಲಿ ಇರುವುದಿಲ್ಲ ಅನ್ನುವುದು ಹೊಳೆಯಲೇ ಇಲ್ಲ. ತೆಳ್ಳನೆ ಶಾಲು ಒಂದೇ. ಬೆಳಗಿನ ಜಾವ ಮೂರರಿಂದ ಐದರವರೆಗೆ ಮೈಯ ಬಿಸಿ ತಾನಾಗಿ ಇಳಿಯುತ್ತದೆ, ಎಲ್ಲರಿಗೂ. ನಿದ್ದೆಯ ಒತ್ತಡ ಜಾಸ್ತಿ ಇರುವುದೂ ಆಗಲೇ. ನಮ್ಮ ಮನೆಯವರು ಮಂಕಿ ಕ್ಯಾಪ್ ಹಾಕಿಕೊಂಡು ಬಂದಿದ್ದಕ್ಕೆ ದಾರಿಯುದ್ದಕ್ಕೂ ನಗಾಡಿದ್ದೆ. ಮೂರೂವರೆಗೆ ಅದನ್ನು ಕಸಿದುಕೊಂಡು ನಾನೇ ಹಾಕಿಕೊಂಡೆ. ಹಾಗಾಗಿ ಸ್ವೆಟರ್, ಕಾಲುಚೀಲ, ಕಿವಿ ಮುಚ್ಚುವಂಥದ್ದು ಏನಾದರೂ, ಕೂರಲು ಒಂದು ಜಮಖಾನ, ಸೊಳ್ಳೆಗೆ ಹಚ್ಚಿಕೊಳ್ಳಲು ಮುಲಾಮು. ಕಾಲಿಗೆ ಸುಲಭವಾಗಿ ಹಾಕಿ ತೆಗೆಯುವ ಚಪ್ಪಲಿ, ಯಾಕೆಂದರೆ ಕತ್ತಲಲ್ಲಿ ನಾಲ್ಕು ಕಡೆ ಎದ್ದು ಹೋಗಬೇಕು.

ಬಾತ್‌ರೂಮಿಗೆ ಇಂಟರ್ವಲ್ಲಿನಲ್ಲಿ ಹೋದರೆ ನಿಮ್ಮ ಮುಂದೆ ನೂರು ಜನ. ಒಂದು ದೃಶ್ಯ ಬಿಟ್ಟು ಮೊದಲೇ ಹೋಗಿ. ಪುಸ್ತಕ ಓದಿದ್ದರೆ ಯಾವುದನ್ನು ಬಿಡಬಹುದು ಅಂತ ನಿಮಗೇ ಗೊತ್ತಿರುತ್ತದೆ. ಓದಿ ಹೋಗುವುದರ ಲಾಭಗಳಲ್ಲಿ ಇದನ್ನು ಯಾವ ವಿಮರ್ಶಕರೂ ಬರೆದಿಲ್ಲ.

ತೂಕಡಿಕೆ ಬಂದರೆ ಹೋರಾಡಬೇಡಿ. ಪಕ್ಕದವರಿಗೆ ಹೇಳಿ ಹದಿನೈದು ನಿಮಿಷ ಮಲಗಿ, ಎಬ್ಬಿಸಲು ಹೇಳಿ. ನಾನು ಹಟ ಮಾಡಿ ಕೂತು, ಕೊನೆಗೆ ಮೂರನೇ ರಂಗದಲ್ಲಿ ಕೂತಲ್ಲೇ ನಲವತ್ತು ನಿಮಿಷ ಕಳೆದುಕೊಂಡೆ. ನಮ್ಮ ಮನೆಯವರು ಎಬ್ಬಿಸಲಿಲ್ಲ. ‘ಪಾಪ, ಡ್ಯೂಟಿ ಮಾಡಿ ಸುಸ್ತಾಗಿದ್ದೀಯ ಅಂತ’ ಅಂದರು. ಎರಡು ದಿನ ಮಾತಾಡಲಿಲ್ಲ ನಾನು.

ನಾಟಕ ನೋಡುವಾಗ ‘ಪುಸ್ತಕದಲ್ಲಿ ಹೀಗಿರಲಿಲ್ಲ’ ಅಂತ ಪಕ್ಕದವರ ಕಿವಿ ಕಚ್ಚಬೇಡಿ. ಬಿಟ್ಟುಹೋದದ್ದು ಬಹಳ ಇರುತ್ತದೆ, ಇರಲೇಬೇಕು. ಒಬ್ಬ ಮನುಷ್ಯ ಗುಡ್ಡ ಹತ್ತುತ್ತಾ ಯೋಚಿಸುವುದನ್ನು ಕುವೆಂಪು ಪುಟಗಟ್ಟಲೆ ಬರೆಯುತ್ತಾರೆ. ನಾಟಕದಲ್ಲಿ ಅವನು ಗುಡ್ಡ ಹತ್ತಬಹುದು, ಹಾಡು ಬರಬಹುದು, ಯೋಚನೆ ಮಾತ್ರ ಕಾಣಿಸುವುದಿಲ್ಲ. ಆದರೆ ಪುಸ್ತಕಕ್ಕೆ ಆಗದ ಒಂದು ಕೆಲಸ ನಾಟಕಕ್ಕೆ ಆಗುತ್ತದೆ. ಓದುವಾಗ ಕತ್ತಲು ಅಂತ ಬರೆದಿರುತ್ತದೆ, ನಮ್ಮ ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಅಲ್ಲಿ ನಿಜವಾಗಿ ಕತ್ತಲು. ಚಿನ್ನಮ್ಮ ರಾತ್ರಿ ಮನೆ ಬಿಟ್ಟು ಕಾಡಿಗೆ ನಡೆಯುವಾಗ ಅವಳಿಗೆ ಎಷ್ಟು ಚಳಿ ಅನ್ನುವುದು ನನಗೂ ಗೊತ್ತಿತ್ತು, ಯಾಕೆಂದರೆ ನನ್ನ ಕೈಯೂ ಮರಗಟ್ಟಿತ್ತು. ಒಂದು ರಂಗದಿಂದ ಇನ್ನೊಂದಕ್ಕೆ ಇನ್ನೂರು ಮುನ್ನೂರು ಜನ ಸದ್ದಿಲ್ಲದೆ ನಡೆದು ಹೋಗುವಾಗ, ನಾವೂ ಆ ಮಲೆಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೊರಟವರ ಹಾಗಿತ್ತು.

ನೋಟ್‌ಬುಕ್ ತೆಗೆದುಕೊಂಡು ಹೋಗಿ, ಆದರೆ ಅಲ್ಲಿ ಬಿಚ್ಚಬೇಡಿ. ಮರುದಿನ ಎದ್ದ ಮೇಲೆ, ನಾಟಕದಲ್ಲಿ ಯಾವ ಪಾತ್ರಕ್ಕೆ ಪುಸ್ತಕಕ್ಕಿಂತ ಜಾಸ್ತಿ ಜಾಗ ಸಿಕ್ಕಿತು, ಯಾರು ಮಾಯವಾದರು ಅಂತ ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ. ನಾವು ಡ್ಯೂಟಿ ಹ್ಯಾಂಡೋವರ್ ಕೊಡುತ್ತೇವಲ್ಲ, ಹಾಗೆ. ರಾತ್ರಿಯವಳು ಬೆಳಗಿನವಳಿಗೆ ಎಲ್ಲವನ್ನೂ ಹೇಳಲು ಆಗುವುದಿಲ್ಲ. ಮುಖ್ಯ ಅನ್ನಿಸಿದ್ದು ಹೇಳುತ್ತಾಳೆ. ಏನನ್ನು ಹೇಳಿದಳು ಅನ್ನುವುದರಲ್ಲಿ ಅವಳು ಎಂಥ ನರ್ಸ್ ಅನ್ನುವುದು ಗೊತ್ತಾಗುತ್ತದೆ.

ಜೊತೆಗೆ ನೋಡಬಹುದಾದ ಸಿನಿಮಾ

ರಾತ್ರಿಯಿಡೀ ಕೂರಲು ಆಗದವರು, ನಾಟಕ ಸಿಗದವರು, ಕುವೆಂಪು ಅವರ ಇನ್ನೊಂದು ದೊಡ್ಡ ಕಾದಂಬರಿ ‘ಕಾನೂರು ಹೆಗ್ಗಡಿತಿ’ಯ ಕಡೆ ಹೋಗಬಹುದು. ಅದು 1936ರದ್ದು. ಗಿರೀಶ ಕಾರ್ನಾಡರು 1999ರಲ್ಲಿ ಸಿನಿಮಾ ಮಾಡಿದರು. ಸುಬ್ಬಮ್ಮನ ಪಾತ್ರದಲ್ಲಿ ತಾರಾ, ಚಂದ್ರಯ್ಯಗೌಡನಾಗಿ ಕಾರ್ನಾಡರೇ, ಬಿ.ವಿ. ಕಾರಂತರ ಸಂಗೀತ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು.

ನನ್ನ ಅಭಿಪ್ರಾಯ ಕೇಳಿದರೆ, ಸಿನಿಮಾ ಚೆನ್ನಾಗಿದೆ, ಮನೆ ಚೆನ್ನಾಗಿ ಕಾಣುತ್ತದೆ, ಕಾಡು ಮಾತ್ರ ಹಿಂದೆ ನಿಂತುಬಿಡುತ್ತದೆ. 1936ರ ಪುಸ್ತಕದಲ್ಲಿ ಓದಿಕೊಂಡ ಹೂವಯ್ಯ ಇದ್ದಾನೆ, ಅವನ ಕಣ್ಣಿನಿಂದ ಊರು ನೋಡಬಹುದು. ಹಾಗಾಗಿ ಕ್ಯಾಮೆರಾಗೆ ಒಂದು ಕಡೆ ನಿಲ್ಲಲು ಜಾಗ ಸಿಗುತ್ತದೆ. 1967ರ ಪುಸ್ತಕದಲ್ಲಿ ಅಂಥ ಒಬ್ಬ ಇಲ್ಲ. ಅದಕ್ಕೇ ಅದನ್ನು ಆಡಲು ನಾಲ್ಕು ರಂಗ, ಒಂದು ಇಡೀ ರಾತ್ರಿ ಬೇಕಾಯಿತು ಅಂತ ನನಗೆ ಅನ್ನಿಸುತ್ತದೆ. ಎರಡನ್ನೂ ನೋಡಿ ನೀವೇ ಹೇಳಿ.

ಊರು ನೋಡಲು ಹೋಗುವುದಾದರೆ

ಮುಗಿಸಿದ ಮೇಲೆ ಹೋಗಿ, ಮೊದಲಲ್ಲ. ಮೊದಲೇ ಹೋದರೆ ನಿಮ್ಮ ಕ್ಯಾಲೆಂಡರಿನ ನಕ್ಷೆ ಕೆಡುತ್ತದೆ. ತೀರ್ಥಹಳ್ಳಿಯಲ್ಲಿ ಉಳಿದುಕೊಳ್ಳಿ. ಅಲ್ಲಿಂದ ಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಕುಪ್ಪಳಿ, ಕುವೆಂಪು ಅವರ ಊರು. ಕವಿಮನೆಯ ಒಳಗೆ ಎಲ್ಲರೂ ಫೋಟೋ, ಪ್ರಶಸ್ತಿ ನೋಡುತ್ತಾರೆ. ನೀವು ಅಡುಗೆಮನೆ, ಜಗಲಿ, ಮುಂಡಿಗೆ (ಮರದ ಕಂಬ), ಬಾಣಂತಿ ಕೋಣೆ ನೋಡಿ. ಕಾದಂಬರಿಯ ಹೆಂಗಸರು ಯಾವ ಬಾಗಿಲ ಸಂದಿನಲ್ಲಿ ನಿಂತು ಯಾವ ಮಾತು ಕೇಳಿಸಿಕೊಂಡರು ಅಂತ ಅಲ್ಲಿ ಗೊತ್ತಾಗುತ್ತದೆ. ಆಮೇಲೆ ಕವಿಶೈಲ ಹತ್ತಿ. ಕುವೆಂಪು ಸಮಾಧಿ ಅಲ್ಲೇ ಇದೆ. ಇನ್ನೊಂದು ದಿನ ಮೇಗರವಳ್ಳಿ ದಾಟಿ ಆಗುಂಬೆಗೆ. ಬಸ್ಸಿನಲ್ಲಿ ಎಡಗಡೆ ಕೂತರೂ ಬಲಗಡೆ ಕೂತರೂ ಕಾಡೇ.

ನಾವು ಹೋದದ್ದು ಜುಲೈನಲ್ಲಿ. ಎಲ್ಲರೂ ಬೇಡ ಅಂದರು. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳಿ ಅಂತ ಕೊಪ್ಪದ ಅಕ್ಕ ಫೋನಿನಲ್ಲಿ ಹೇಳಿದರು. ಹಚ್ಚಿಕೊಂಡೆ. ಆದರೂ ಎರಡು ಉಂಬಳ ಹತ್ತಿದವು. ನನಗೆ ಖುಷಿಯೇ ಆಯಿತು, ನಮ್ಮ ಮನೆಯವರು ಕೂಗಿಕೊಂಡರು. ತೀರ್ಥಹಳ್ಳಿಯಲ್ಲಿ ತುಂಗೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಗುತ್ತಿ, ತಿಮ್ಮಿ, ಹುಲಿಯ ಕೊನೆಗೆ ಬಂದು ನಿಲ್ಲುವುದು ಈ ಹೊಳೆಯ ದಡಕ್ಕೆ, ಇಂಥದ್ದೇ ನೆರೆಯಲ್ಲಿ. ಅಲ್ಲಿ ಏನಾಯಿತು ಅನ್ನುವುದನ್ನು ನಾನು ಹೇಳುವುದಿಲ್ಲ. ಆ ಭಾಗ ಮಾತ್ರ ರಾತ್ರಿ ಓದಬೇಡಿ, ಡ್ಯೂಟಿಯಲ್ಲಂತೂ ಬೇಡವೇ ಬೇಡ. ನಾನು ಓದಿ, ಬೆಳಗಿನ ಆರು ಗಂಟೆ ಇಂಜೆಕ್ಷನ್ ಹೊತ್ತಿಗೆ ಮುಖ ತೊಳೆದುಕೊಂಡು ಬರಬೇಕಾಯಿತು.

ಕೊನೆಯದಾಗಿ, ಪುಸ್ತಕ ಯಾರಿಗೂ ಸಾಲ ಕೊಡಬೇಡಿ. ನನ್ನ ಹಳೇ ಪ್ರತಿ ಐದು ವರ್ಷದ ಹಿಂದೆ ಹೋದದ್ದು ಇನ್ನೂ ಬಂದಿಲ್ಲ, ಒಳಗೆ 1994ರ ಬಸ್ ಟಿಕೆಟ್ ಕೂಡ ಇತ್ತು. ನೋಟ್‌ಬುಕ್ ಮಾತ್ರ ಬೀರುವಿನಲ್ಲಿ, ಸೀರೆಗಳ ಕೆಳಗೆ ಭದ್ರವಾಗಿದೆ.